ಹಳೇ ಕ್ಯಾಮೆರಾದ ಶಟರ್ ಎಳೆಯುತ್ತಿದೆಯೇ? ಎಣ್ಣೆ ಬಿಡಬೇಡಿ

ಉಂಚಳ್ಳಿ ಜಲಪಾತದ ಎದುರು ಟ್ರೈಪಾಡ್ ಹೂಡಿ, ಅಜ್ಜನ ಕಾಲದ ಅಗ್ಫಾ ಐಸೋಲೆಟ್ ಕ್ಯಾಮೆರಾದ ಶಟರನ್ನು ಅರ್ಧ ಸೆಕೆಂಡಿಗೆ ಇಟ್ಟು ಒತ್ತಿದೆ. ಝುರ್ರ್ ಎಂದು ಶುರುವಾದ ಸದ್ದು ನಡುದಾರಿಯಲ್ಲೇ ನಿಂತುಹೋಯಿತು. ಬಗ್ಗಿ ಲೆನ್ಸಿನೊಳಗೆ ನೋಡಿದರೆ ಶಟರಿನ ಎಲೆಗಳು ಬಾಯಿ ತೆರೆದುಕೊಂಡೇ ಇವೆ. ಬೆರಳಲ್ಲಿ ಮೆಲ್ಲಗೆ ತಟ್ಟಿದಾಗ 'ಟಕ್' ಎಂದು ಮುಚ್ಚಿದವು. ಹನ್ನೆರಡು ಫ್ರೇಮಿನ ರೋಲು ಅದು. ಮನೆಗೆ ಬಂದು ತೊಳೆದರೆ ಏಳು ನೆಗೆಟಿವ್ ದೋಸೆ ಕಾವಲಿಯ ಹಿಂಬದಿಯಷ್ಟು ಕಪ್ಪು.

ಕುಮಟಾದಲ್ಲಿ ವಾಚ್ ರಿಪೇರಿ ಮಾಡುವ ಹಿರಿಯರೊಬ್ಬರಿಗೆ ತೋರಿಸಿದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದವರು, ಆಮೇಲೆ ಕ್ಯಾಮೆರಾವನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು.

"ಎಂತ ಮಾರಾಯ, ಇದಕ್ಕೆ ತೆಂಗಿನೆಣ್ಣೆ ಬಿಟ್ಟವರು ಯಾರು?"

ಬಿಟ್ಟವನು ನಾನೇ, ಹಿಂದಿನ ವರ್ಷ. ಬಾಗಿಲಿನ ಕೀಲಿಗೆ, ಹೊಲಿಗೆ ಯಂತ್ರಕ್ಕೆ, ತಲೆಗೆ, ಎಲ್ಲಕ್ಕೂ ಒಂದೇ ಬಾಟಲಿ ಇರುವ ಮನೆ ನಮ್ಮದು. "ಗಡಿಯಾರ ನಿಧಾನ ಆದರೆ ಮೇಲಿಂದ ಎಣ್ಣೆ ಹಾಕೂದಲ್ಲ. ಇದ್ದ ಎಣ್ಣೆ ತೆಗೀಬೇಕು" ಎಂದು ಅವರು ಕ್ಯಾಮೆರಾವನ್ನು ವಾಪಸ್ ಕೈಗಿಟ್ಟರು. ಮುಂದೆ ಬರೆದಿರುವುದೆಲ್ಲ ಆ ಒಂದು ಮಾತಿನ ವಿಸ್ತರಣೆ.

ಒಳಗೆ ಏನು ನಡೆಯುತ್ತದೆ

ಮಡಚುವ ಹಳೇ ಕ್ಯಾಮೆರಾಗಳಲ್ಲಿ ಶಟರ್ ಇರುವುದು ಲೆನ್ಸಿನ ನಡುವೆ. ಪ್ರಾಂಟರ್, ಕಾಂಪರ್, ಕೊಪಾಲ್ ಎಂದೆಲ್ಲ ಲೆನ್ಸಿನ ಸುತ್ತ ಬರೆದಿರುತ್ತದಲ್ಲ, ಅದು ಶಟರಿನ ಹೆಸರು. ತೆಳ್ಳಗಿನ ಉಕ್ಕಿನ ಎಲೆಗಳು ಸ್ಪ್ರಿಂಗಿನ ಬಲದಿಂದ ತೆರೆದು ಮುಚ್ಚುತ್ತವೆ. ಸ್ಪ್ರಿಂಗನ್ನು ಅದರ ಪಾಡಿಗೆ ಬಿಟ್ಟರೆ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಕೆಲಸ ಮುಗಿಯುತ್ತದೆ. ಒಂದು ಸೆಕೆಂಡ್ ತೆರೆದಿರಬೇಕು ಎಂದರೆ ಅದನ್ನು ಯಾರಾದರೂ ತಡೆದು ಹಿಡಿಯಬೇಕು. ಹಿಡಿಯುವುದು ಗಡಿಯಾರದಲ್ಲಿರುವಂಥದೇ ಒಂದು ಪುಟ್ಟ ಏರ್ಪಾಡು: ನಾಲ್ಕೈದು ಗೇರುಗಳು, ಕೊನೆಯಲ್ಲಿ ನಕ್ಷತ್ರದಂಥ ಹಲ್ಲುಚಕ್ರ, ಅದರ ಹಲ್ಲುಗಳ ನಡುವೆ ಅತ್ತಿತ್ತ ಕುಣಿಯುವ ಪ್ಯಾಲೆಟ್. ಝುರ್ರ್ ಎಂದು ಕೇಳುವುದು ಆ ಕುಣಿತದ ಸದ್ದು.

ಸಾಮಾನ್ಯವಾಗಿ 1 ಸೆಕೆಂಡಿನಿಂದ 1/10ರವರೆಗೆ ಗೇರು, ಪ್ಯಾಲೆಟ್ ಎರಡೂ ಕೆಲಸ ಮಾಡುತ್ತವೆ. 1/25ರಿಂದ 1/100ರವರೆಗೆ ಪ್ಯಾಲೆಟ್ ಪಕ್ಕಕ್ಕೆ ಸರಿದು ಗೇರುಗಳಷ್ಟೇ ತಡೆಯುತ್ತವೆ. ಅದಕ್ಕಿಂತ ಮೇಲಿನ ವೇಗದಲ್ಲಿ ತಡೆಯೇ ಇಲ್ಲ, ಸ್ಪ್ರಿಂಗಿನದೇ ಓಟ. ಈ ಮೂರು ವಿಭಾಗವನ್ನು ನೆನಪಿಟ್ಟುಕೊಳ್ಳಿ, ರೋಗ ಎಲ್ಲಿದೆ ಎಂದು ಬಿಚ್ಚದೆಯೇ ಅರ್ಧ ಗೊತ್ತಾಗುತ್ತದೆ.

ಹತ್ತಾರು ವರ್ಷ ಪೆಟ್ಟಿಗೆಯಲ್ಲಿದ್ದ ಕ್ಯಾಮೆರಾದಲ್ಲಿ ಆ ಸೂಕ್ಷ್ಮ ಗೇರುಗಳ ಎಣ್ಣೆ ಒಣಗಿ ಅಂಟಾಗುತ್ತದೆ. ವೇಗದ ಶಟರಿನಲ್ಲಿ ಸ್ಪ್ರಿಂಗಿನ ರಭಸ ಅಂಟನ್ನು ಲೆಕ್ಕಿಸುವುದಿಲ್ಲ. ನಿಧಾನದ ಕೊನೆಯಲ್ಲಿ ಗೇರಿಗೆ ಸಿಗುವ ಬಲ ತೀರ ಕಡಿಮೆ, ಹಾಗಾಗಿ ಅಲ್ಲಿ ಸಿಕ್ಕಿಬೀಳುತ್ತದೆ. ಬಹುಪಾಲು ಕ್ಯಾಮೆರಾಗಳಲ್ಲಿ ಮುರಿದದ್ದು ಏನೂ ಇರುವುದಿಲ್ಲ, ಬರೀ ಕೊಳೆ.

ಮೊದಲು ಕಿವಿ ಕೊಡಿ

ಕ್ಯಾಮೆರಾದಲ್ಲಿ ಫಿಲ್ಮ್ ಇಲ್ಲವೆಂದು ಖಚಿತ ಮಾಡಿಕೊಂಡು ಹಿಂಬಾಗಿಲು ತೆಗೆಯಿರಿ. ಫ್ಯಾನ್ ಆಫ್ ಮಾಡಿ. 1 ಸೆಕೆಂಡಿಗೆ ಇಟ್ಟು ಕಾಕ್ ಮಾಡಿ (ಅಂದರೆ ಶಟರಿನ ಸ್ಪ್ರಿಂಗನ್ನು ಬಿಗಿ ಮಾಡಿ), ಒತ್ತಿ, ಕೇಳಿ. ಸದ್ದು ಶುರುವಿನಿಂದ ಕೊನೆವರೆಗೆ ಒಂದೇ ಸಮ ಇದ್ದು, ಕಾಲ ಮಾತ್ರ ಉದ್ದವಾಗಿದ್ದರೆ ರೋಗ ಸಣ್ಣದು. ಏರಿನಲ್ಲಿ ತುಂಬಿದ ಲಾರಿ ಹತ್ತಿದಂತೆ ಎಳೆದೆಳೆದು ಬಂದರೆ ಅಂಟು ಜಾಸ್ತಿಯಾಗಿದೆ. ನಡುವೆ ನಿಂತುಬಿಟ್ಟರೆ, ಎಲೆಗಳು ತೆರೆದಿರುವಾಗಲೇ ವೇಗದ ಉಂಗುರವನ್ನು ನಿಧಾನವಾಗಿ 1/100ರ ಕಡೆಗೆ ತಿರುಗಿಸಿ ನೋಡಿ. ತಟಕ್ಕನೆ ಮುಚ್ಚಿಕೊಂಡರೆ ಸಿಕ್ಕಿಕೊಂಡಿದ್ದು ನಿಧಾನದ ಗೇರೇ. ಎಷ್ಟು ತಿರುಗಿಸಿದರೂ ಮುಚ್ಚದಿದ್ದರೆ, ಇಲ್ಲವೇ ಒತ್ತಿದಾಗ ತೆರೆಯುವುದೇ ಇಲ್ಲ ಎಂದಾದರೆ ಎಲೆಗಳೇ ಒಂದಕ್ಕೊಂದು ಅಂಟಿವೆ.

ಒಂದು ಎಚ್ಚರಿಕೆ ಈಗಲೇ ಹೇಳಿಬಿಡುತ್ತೇನೆ. ಶಟರಿನ ಬದಿಯಲ್ಲಿ ಸೆಲ್ಫ್ ಟೈಮರಿನ ಸನ್ನೆ ಇದ್ದರೆ ಅದನ್ನು ಮುಟ್ಟಬೇಡಿ. ವಿ, ಎಕ್ಸ್, ಎಂ ಎಂಬ ಅಕ್ಷರಗಳಿದ್ದರೆ ವಿ ಎಂದರೆ ಅದೇ. ಹಳೇ ಕ್ಯಾಮೆರಾದಲ್ಲಿ ಸೆಲ್ಫ್ ಟೈಮರ್ ಅರ್ಧಕ್ಕೆ ನಿಂತಿತೆಂದರೆ ಅದರ ಜೊತೆಗೆ ಇಡೀ ಶಟರ್ ಸ್ತಬ್ಧ.

ಹಾಗೆಯೇ, ನಿಮ್ಮ ಕ್ಯಾಮೆರಾದಲ್ಲಿ ನಿಧಾನದ ಗೇರು ಇದೆಯೇ ಎಂದೂ ನೋಡಿಕೊಳ್ಳಿ. ಬರೋಡಾದಲ್ಲಿ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್ 3 ಇಲ್ಲಿ ಎಷ್ಟೋ ಮನೆಗಳ ಅಟ್ಟದಲ್ಲಿ ಸಿಗುತ್ತದೆ, ಅದಕ್ಕಿರುವುದು ಒಂದೇ ವೇಗ. ಝೆನಿಟ್ ಇ ಕ್ಯಾಮೆರಾದ ಅತಿ ನಿಧಾನ ಎಂದರೆ 1/30. ಯಾಶಿಕಾ ಎಲೆಕ್ಟ್ರೋ 35ರಲ್ಲಿ ಕಾಲ ಹಿಡಿಯುವುದು ವಿದ್ಯುತ್ತು. ಬ್ಯಾಟರಿ ಇಲ್ಲದಿದ್ದರೆ ಅದು ಯಾವಾಗಲೂ 1/500ಕ್ಕೇ ಹೊಡೆಯುತ್ತದೆ. ಅದಕ್ಕೆ ಈ ಮದ್ದು ನಾಟುವುದಿಲ್ಲ.

ಫೋನಿನಲ್ಲಿ ಅಳೆಯುವುದು

ಕಿವಿ ರೋಗ ಹೇಳುತ್ತದೆ, ಎಷ್ಟು ಎಂದು ಹೇಳುವುದಿಲ್ಲ. ಫೋನಿನ ಸ್ಲೋ ಮೋಷನ್ ವಿಡಿಯೋದಲ್ಲಿ ಸೆಕೆಂಡಿಗೆ 240 ಫ್ರೇಮ್ ಸಿಗುವುದಾದರೆ ಬೇರೆ ಯಂತ್ರ ಬೇಡ. ಕ್ಯಾಮೆರಾದ ಬೆನ್ನಿಗೆ ಫೋನು, ಲೆನ್ಸಿನ ಎದುರು ಹಗಲಿನ ಕಿಟಕಿ. ಒತ್ತಿ, ಆಮೇಲೆ ವಿಡಿಯೋವನ್ನು ಫ್ರೇಮ್ ಫ್ರೇಮಾಗಿ ಸರಿಸುತ್ತ ಬೆಳಕು ಕಂಡ ಫ್ರೇಮುಗಳನ್ನು ಎಣಿಸಿ. 1 ಸೆಕೆಂಡಿಗೆ 240, ಅರ್ಧಕ್ಕೆ 120, 1/10ಕ್ಕೆ 24, 1/25ಕ್ಕೆ ಹತ್ತರ ಆಸುಪಾಸು. 1/100ಕ್ಕೆ ಎರಡೋ ಮೂರೋ ಫ್ರೇಮು ಮಾತ್ರ ಸಿಗುವುದರಿಂದ ಆ ಲೆಕ್ಕ ನಂಬಬೇಡಿ. ನಮಗೆ ಬೇಕಾಗಿದ್ದು ನಿಧಾನದ ಕೊನೆ, ಅಲ್ಲಿಗೆ ಈ ಅಳತೆ ಧಾರಾಳ ಸಾಕು.

ಪ್ರತಿ ವೇಗಕ್ಕೂ ಮೂರು ಸಲ ಅಳೆದು ಬರೆದಿಡಿ. ನನ್ನ ಐಸೋಲೆಟ್‌ನ 1 ಸೆಕೆಂಡ್ ಮೊದಲ ಸಲ 2.6, ಎರಡನೇ ಸಲ 1.9, ಮೂರನೇ ಸಲ ನಿಂತೇ ಹೋಯಿತು. ಅಳತೆ ಹೀಗೆ ಸಲಕ್ಕೊಂದು ಬಂದರೆ ಅದು ಅಂಟಿನ ಲಕ್ಷಣ. ಪ್ರತಿ ಸಲವೂ ತಪ್ಪದೆ 1.4 ಬಂದರೆ ಶಟರ್ ಆರೋಗ್ಯವಾಗಿಯೇ ಇದೆ, ಕಾಲ ಮಾತ್ರ ಬದಲಾಗಿದೆ ಎಂದರ್ಥ. ಅಂಥದನ್ನು ಬಿಚ್ಚದೇ ಹಾಗೇ ಬಳಸಬಹುದು.

ಎಷ್ಟು ತಪ್ಪಿದರೆ ತಪ್ಪು? ಕಾಲ ಎರಡು ಪಟ್ಟಾದರೆ ಬೆಳಕೂ ಎರಡು ಪಟ್ಟು, ಅದಕ್ಕೆ ಒಂದು ಸ್ಟಾಪ್ ಎನ್ನುತ್ತಾರೆ; 1.4 ಪಟ್ಟಾದರೆ ಅರ್ಧ, 1.25 ಪಟ್ಟಾದರೆ ಮೂರನೇ ಒಂದು ಭಾಗ. ಕಪ್ಪುಬಿಳುಪು ನೆಗೆಟಿವ್ ಫಿಲ್ಮ್ ಅರ್ಧ ಸ್ಟಾಪ್ ಹೆಚ್ಚು ಬೆಳಕನ್ನು ನುಂಗಿ ಸುಮ್ಮನಿರುತ್ತದೆ. ಸ್ಲೈಡ್ ಫಿಲ್ಮ್ ಸುಮ್ಮನಿರುವುದಿಲ್ಲ. ಇನ್ನೊಂದು ಮಾತು: ಒಂದು ಸೆಕೆಂಡ್ ಮತ್ತು ಅದಕ್ಕಿಂತ ದೀರ್ಘ ಎಕ್ಸ್‌ಪೋಷರಿನಲ್ಲಿ ಹಲವು ಫಿಲ್ಮುಗಳ ಸಂವೇದನೆಯೇ ತುಸು ಇಳಿಯುತ್ತದೆ. ಹಾಗಾಗಿ 1 ಸೆಕೆಂಡ್ 1.2 ಆದರೆ ಅಳಬೇಕಾಗಿಲ್ಲ, ನಗಲೂಬಹುದು.

ಬಿಚ್ಚುವ ಮೊದಲು

ಎಷ್ಟೋ ಸಲ ವ್ಯಾಯಾಮವೇ ಅರ್ಧ ಚಿಕಿತ್ಸೆ. ಎಲ್ಲ ವೇಗಗಳಲ್ಲೂ ಸೇರಿ ನೂರು ಸಲ ಖಾಲಿ ಹೊಡೆಯಿರಿ, 1/10ರಿಂದ ಶುರುಮಾಡಿ ನಿಧಾನಕ್ಕೆ ಇಳಿಯಿರಿ. ಬೆಳಗಿನ ಚಳಿಯಲ್ಲಿ ನಿಲ್ಲುವ ಶಟರ್ ಮಧ್ಯಾಹ್ನದ ಬೆಚ್ಚಗೆಗೆ ಓಡುತ್ತಿದ್ದರೆ ಎಣ್ಣೆ ಗಟ್ಟಿಯಾಗಿದ್ದೇ ಕಾರಣ ಎನ್ನುವುದು ಇನ್ನೂ ಖಚಿತ. ಹಾಗೆಂದು ಬಿಸಿಲಲ್ಲಿ ಕಾಯಿಸಬೇಡಿ. ಎಣ್ಣೆ ಕರಗಿ ಎಲೆಗಳ ಮೇಲೆ ಇಳಿಯುತ್ತದೆ.

ಬೇಕಾದ ಸಾಮಾನು ಹೆಚ್ಚಿಲ್ಲ. ವಾಚ್ ರಿಪೇರಿಯವರು ಬಳಸುವ ಸಣ್ಣ ಸ್ಕ್ರೂಡ್ರೈವರ್, ಚಿಮಟ, ಭೂತಗನ್ನಡಿ. ಅತಿ ಸಣ್ಣ ಕುಂಚ, ಹಲ್ಲುಕಡ್ಡಿ, ಬ್ಲಾಟಿಂಗ್ ಪೇಪರ್, ಹತ್ತಿ ಕಡ್ಡಿ. ತೊಳೆಯಲು ಸಿಗರೇಟ್ ಲೈಟರಿಗೆ ತುಂಬುವ ದ್ರವ, ಅಂದರೆ ನಾಫ್ತಾ. ಬಂಕಿನ ಪೆಟ್ರೋಲ್ ಬೇಡ, ಅದರಲ್ಲಿ ಬೇರೆ ಏನೇನೋ ಸೇರಿರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಡಬ್ಬಿಯಂತೂ ಕ್ಯಾಮೆರಾ ಇರುವ ಕೋಣೆಗೇ ಬರಬಾರದು: ಒಂದು ಪುಸ್ ಎಂದರೆ ಅದರ ಎಣ್ಣೆ ಎಲೆಗೂ ಲೆನ್ಸಿಗೂ ಒಟ್ಟಿಗೆ ಹರಡುತ್ತದೆ. ಜಪಾನೀ ಕ್ಯಾಮೆರಾದ ನಕ್ಷತ್ರ ತಲೆಯ ತಿರುಪುಗಳಿಗೆ ಜೆಐಎಸ್ (ಜಪಾನೀ ಮಾನದಂಡದ) ತುದಿಯ ಸ್ಕ್ರೂಡ್ರೈವರ್ ಬೇಕು. ಮಾಮೂಲಿ ಸ್ಟಾರ್ ಹಾಕಿದರೆ ತಿರುಪಿನ ತಲೆ ಸವೆದು ಬೋಳಾಗುತ್ತದೆ.

ಬಿಚ್ಚಿದ ತಿರುಪುಗಳನ್ನು ಕ್ರಮವಾಗಿ ಇಡಲು ನಾನು ಇಡ್ಲಿ ತಟ್ಟೆ ಬಳಸುತ್ತೇನೆ, ಒಂದು ಗುಳಿಗೆ ಒಂದು ಹಂತ. ತೂತಿಲ್ಲದ ಇಡ್ಲಿ ತಟ್ಟೆ ಎಂದು ಸೇರಿಸುವುದು ಅನುಭವದ ಮಾತು. ಕೆಳಗೆ ಬಿಳಿ ಪಂಚೆ ಹಾಸಿಕೊಳ್ಳಿ, ಹಾರಿದ ಸ್ಪ್ರಿಂಗ್ ಅದರ ಮೇಲೆ ಕಾಣುತ್ತದೆ. ಪ್ರತಿ ಹಂತಕ್ಕೂ ಫೋಟೋ ಹೊಡೆಯಿರಿ.

ನಾಫ್ತಾದ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ದೇವರ ಮನೆಯ ದೀಪ, ಊದಬತ್ತಿ, ಬಚ್ಚಲ ಒಲೆ ಯಾವುದೂ ಹತ್ತಿರ ಇರಬಾರದು. ಕಿಟಕಿ ತೆರೆದಿರಲಿ.

ಮುಚ್ಚಳ ತೆಗೆಯುವುದು

ಐಸೋಲೆಟ್ ತರಹದ, ಮುಂದಿನ ಗಾಜನ್ನು ತಿರುಗಿಸಿ ಫೋಕಸ್ ಮಾಡುವ ಕ್ಯಾಮೆರಾ ಇಟ್ಟುಕೊಂಡೇ ಹೇಳುತ್ತೇನೆ. ಶಟರ್ ಕಾಕ್ ಆಗಿರಬಾರದು. ಫೋಕಸನ್ನು ಇನ್ಫಿನಿಟಿಗೆ, ಅಂದರೆ ಅತಿ ದೂರದ ಗುರುತಿಗೆ ತಿರುಗಿಸಿ, ಉಂಗುರಕ್ಕೂ ಒಳಗಿನ ಗಾಜಿನ ಚೌಕಟ್ಟಿಗೂ ಎದುರುಬದುರಾಗಿ ಸೂಜಿಯಿಂದ ಗುರುತು ಮಾಡಿ. ಉಂಗುರದ ಅಂಚಿನಲ್ಲಿ ಸಾಸಿವೆಗಿಂತ ಚಿಕ್ಕ ಮೂರು ತಿರುಪು ಇರುತ್ತವೆ. ಪೂರ್ತಿ ಕೀಳಬೇಡಿ, ಸಡಿಲ ಮಾಡಿದರೆ ಉಂಗುರ ಎದ್ದು ಬರುತ್ತದೆ.

ಈಗ ಮುಂದಿನ ಗಾಜನ್ನು ತಿರುಗಿಸಿ ತೆಗೆಯಬೇಕು. ಎಷ್ಟು ಸುತ್ತು ತಿರುಗಿತು ಎಂದು ಎಣಿಸಿ, ಯಾವ ಬಿಂದುವಿನಲ್ಲಿ ಕೈಗೆ ಬಂತು ಎಂದು ಗುರುತು ಹಾಕಿ. ಇದನ್ನು ಮರೆತವರು ವಾರಗಟ್ಟಲೆ ಫೋಕಸ್ ಹುಡುಕುತ್ತಾರೆ. ಅಗ್ಫಾದಲ್ಲಿ ಇನ್ನೊಂದು ತಲೆನೋವು: ಗಾಜಿನ ಚೌಕಟ್ಟಿನ ತಿರುಪಿನ ಎಳೆಗಳಿಗೆ ಹಚ್ಚಿದ ಹಸಿರು ಗ್ರೀಸು ಕಲ್ಲಾಗಿರುತ್ತದೆ. ಎಷ್ಟು ಗಟ್ಟಿಯೆಂದರೆ ಮುಂದಿನ ಗಾಜು, ಮಧ್ಯದ ಗಾಜು ಎರಡೂ ಒಂದಾಗಿ ಕಿತ್ತುಬರುತ್ತವೆ. ಇಕ್ಕಳ ಹಾಕಿ ತಿರುಚಬೇಡಿ. ಸಂದಿಗೆ ನಾಫ್ತಾ ಒಂದೊಂದೇ ಹನಿ ಬಿಟ್ಟು ರಾತ್ರಿ ಇಡಿ, ಬೆಳಿಗ್ಗೆ ನೋಡಿ, ಬರದಿದ್ದರೆ ಮತ್ತೊಂದು ರಾತ್ರಿ. ನನ್ನದಕ್ಕೆ ನಾಲ್ಕು ರಾತ್ರಿ ಹಿಡಿಯಿತು.

ಗಾಜು ಹೋದ ಮೇಲೆ ಶಟರಿನ ಮುಂಭಾಗದ ತಟ್ಟೆ ಕಾಣುತ್ತದೆ. ಅದನ್ನು ಹಿಡಿದಿರುವುದು ಒಂದು ಉಂಗುರವೋ ಸಣ್ಣ ತಿರುಪೋ, ಶಟರಿನಿಂದ ಶಟರಿಗೆ ಬೇರೆ. ಕೆಳಗೆ ವೇಗದ ತಟ್ಟೆ, ಅದರಲ್ಲಿ ಡೊಂಕುಡೊಂಕು ಸೀಳುಗಳು. ಗೇರಿನ ಸನ್ನೆಗಳ ಪುಟ್ಟ ಮೊಳೆಗಳು ಈ ಸೀಳುಗಳಲ್ಲಿ ಕೂತಿರುತ್ತವೆ. ಯಾವ ಮೊಳೆ ಯಾವ ಸೀಳಿನಲ್ಲಿ ಎಂದು ಫೋಟೋ ತೆಗೆಯದೆ ತಟ್ಟೆ ಎತ್ತಬೇಡಿ. ವಾಪಸ್ ಜೋಡಿಸುವಾಗ ಒಂದು ಮೊಳೆ ಹೊರಗುಳಿದರೂ ವೇಗಗಳು ಅಡ್ಡಾದಿಡ್ಡಿ.

ತೊಳೆಯುವುದು

ನಿಧಾನದ ಗೇರುಗಳು ಒಂದೇ ಗುಂಪಾಗಿ, ಎರಡು ತಿರುಪಿನ ಆಸರೆಯಲ್ಲಿ, ಸಣ್ಣ ಸೇತುವೆಯ ಕೆಳಗೆ ಇರುತ್ತವೆ. ಆ ತಿರುಪುಗಳನ್ನು ಮುಟ್ಟಬೇಡಿ. ಗೇರಿನ ಗುಂಪು ಕೂದಲೆಳೆಯಷ್ಟು ಆಚೀಚೆ ಸರಿದರೂ ಎಲ್ಲ ನಿಧಾನ ವೇಗಗಳ ಲೆಕ್ಕ ತಪ್ಪುತ್ತದೆ. ಗುಂಪನ್ನು ಹೊರಗೆ ತೆಗೆದು ತೊಳೆಯುವುದು ಪರಿಣತರ ವಿಧಾನ, ಮೊದಲ ಸಲಕ್ಕೆ ಇದ್ದಲ್ಲೇ ತೊಳೆದರೆ ಸಾಕು.

ಕುಂಚದ ತುದಿಯನ್ನು ನಾಫ್ತಾದಲ್ಲಿ ಅದ್ದಿ, ಬ್ಲಾಟಿಂಗ್ ಪೇಪರಿಗೆ ಒಮ್ಮೆ ಒತ್ತಿ, ಗೇರುಗಳ ಅಚ್ಚಿಗೆ ಮುಟ್ಟಿಸಿ. ಸುರಿಯಬೇಡಿ. ಸುರಿದರೆ ಕರಗಿದ ಎಣ್ಣೆ ಇಳಿದು ಎಲೆಗಳ ನಡುವೆ ಹೋಗಿ ಕೂರುತ್ತದೆ, ಗೇರಿನ ರೋಗ ಎಲೆಗೆ ದಾಟುತ್ತದೆ. ಹಲ್ಲುಕಡ್ಡಿಯಿಂದ ಗೇರಿನ ಸನ್ನೆಯನ್ನು ಮೆಲ್ಲಗೆ ತಳ್ಳಿ ಬಿಡಿ, ಅದು ಝುರ್ರ್ ಎಂದು ತಾನಾಗಿ ಹಿಂದಕ್ಕೆ ಬರಬೇಕು. ಹತ್ತು ಸಲ ಹಾಗೆ ಮಾಡಿ, ಬ್ಲಾಟಿಂಗ್ ಪೇಪರನ್ನು ಸಣ್ಣ ತ್ರಿಕೋನವಾಗಿ ಕತ್ತರಿಸಿ ಚೂಪು ತುದಿಯಿಂದ ದ್ರವ ಹೀರಿ ತೆಗೆಯಿರಿ. ನನ್ನ ಮೊದಲ ತುಂಡು ಜೋನಿಬೆಲ್ಲದ ಬಣ್ಣಕ್ಕೆ ತಿರುಗಿತು. ಎರಡನೆಯದು ಚಹಾ. ಐದನೆಯದು ಬಿಳಿಯಾಗಿಯೇ ಬಂತು, ಅಲ್ಲಿಗೆ ನಿಲ್ಲಿಸಿದೆ.

ಎಲೆಗಳ ಮೇಲೆ ಕಾಮನಬಿಲ್ಲಿನ ಹೊಳಪು ಕಂಡರೆ ಅದು ಎಣ್ಣೆ. ತೇವ ಮಾಡಿ ಹಿಂಡಿದ ಹತ್ತಿ ಕಡ್ಡಿಯಿಂದ ಒತ್ತಡವಿಲ್ಲದೆ ಒರೆಸಿ, ಶಟರ್ ಹೊಡೆಯಿರಿ, ಮತ್ತೆ ಒರೆಸಿ. ಎಲೆಗಳು ಓಡಬೇಕಾಗಿದ್ದೇ ಒಣಗಿದ ಸ್ಥಿತಿಯಲ್ಲಿ.

ಇಲ್ಲಿ ಎಲ್ಲರೂ ಮೋಸ ಹೋಗುತ್ತಾರೆ, ನಾನೂ ಹೋದೆ. ನಾಫ್ತಾ ಹಸಿಯಾಗಿರುವಾಗ ಶಟರ್ ಹೊಸದರಂತೆ ಓಡುತ್ತದೆ, ಯಾಕೆಂದರೆ ಆ ಕ್ಷಣಕ್ಕೆ ಅದೇ ಜಾರುಕ. ಖುಷಿಯಲ್ಲಿ ಮುಚ್ಚಳ ಹಾಕಿದೆ. ಬೆಳಿಗ್ಗೆ ನೋಡಿದರೆ ಮತ್ತೆ ಅದೇ ಎಳೆತ. ಹಾಗಾಗಿ ತೊಳೆದ ದಿನ ತೀರ್ಪು ಕೊಡಬೇಡಿ. ರಾತ್ರಿ ಪೂರ್ತಿ ಆರಿದ ಮೇಲೆ ಅಳೆಯಿರಿ, ತಪ್ಪಿದರೆ ಇನ್ನೊಂದು ಸುತ್ತು.

ಕರಾವಳಿಯವರಿಗೆ ಇದರ ಜೊತೆ ಇನ್ನೊಂದು ಮಾತು. ಈ ಕೆಲಸವನ್ನು ಮಳೆಗಾಲದಲ್ಲಿ ಮಾಡಬೇಡಿ. ನಾಫ್ತಾ ಆರುವಾಗ ಲೋಹ ತಣ್ಣಗಾಗುತ್ತದೆ. ಜುಲೈ ತಿಂಗಳ ಕಾರವಾರದ ಗಾಳಿಯಲ್ಲಿ ತಣ್ಣಗಿನ ಲೋಹದ ಮೇಲೆ ತೇವ ಕೂರಲು ಹೆಚ್ಚು ಹೊತ್ತು ಬೇಡ. ಎಣ್ಣೆ ತೆಗೆದ ಬರಿಯ ಉಕ್ಕು ಅದು, ತುಕ್ಕಿಗೆ ಆಹ್ವಾನ. ಅಡಿಕೆ ಒಣಗುವ ಹವೆ ಬರಲಿ, ಡಿಸೆಂಬರಿನಿಂದ ಫೆಬ್ರವರಿವರೆಗೆ ಸಾಕಷ್ಟು ಸಮಯವಿದೆ.

ಕೊನೆಗೆ ಎಣ್ಣೆ ಬೇಕೇ? ಒಣಗಿದಾಗ ಸರಿಯಾಗಿ ಓಡುತ್ತಿದ್ದರೆ ಬೇಡ. ಕರ್ಕಶ ಸದ್ದು ಬಂದರೆ ಮಾತ್ರ ವಾಚಿನ ಎಣ್ಣೆಯನ್ನು ಸೂಜಿಮೊನೆಗೆ ತಾಗಿಸಿ, ಆ ಮೊನೆಯನ್ನು ಗೇರಿನ ಅಚ್ಚಿಗೆ ಮುಟ್ಟಿಸಿ. ಕಣ್ಣಿಗೆ ಹನಿ ಕಂಡಿತೆಂದರೆ ಅದು ಜಾಸ್ತಿಯೇ. ಹಲ್ಲುಗಳಿಗೆ, ಎಲೆಗಳಿಗೆ ಒಂದು ಕಣವೂ ಬೇಡ.

ಜೋಡಿಸಿದ ಮೇಲೆ ಇನ್ಫಿನಿಟಿ ಪರೀಕ್ಷೆ. ಫಿಲ್ಮ್ ಕೂರುವ ಜಾಗದಲ್ಲಿ ಟ್ರೇಸಿಂಗ್ ಪೇಪರ್ ಬಿಗಿಯಾಗಿ ಅಂಟಿಸಿ, ಶಟರನ್ನು ಬಿ ಗುರುತಿಗೆ (ಒತ್ತಿ ಹಿಡಿದಷ್ಟು ಹೊತ್ತೂ ತೆರೆದೇ ಇರುವಲ್ಲಿಗೆ) ಇಟ್ಟು ತೆರೆದು, ದೂರದ ದೀಪವೊಂದನ್ನು ನೋಡಿ. ಕಾರವಾರದವರಿಗೆ ದೇವಗಡ ದ್ವೀಪದ ದೀಪಸ್ತಂಭಕ್ಕಿಂತ ಒಳ್ಳೆಯದು ಬೇಡ. ಸಿರ್ಸಿಯ ಕಡೆ ಎದುರು ಗುಡ್ಡದ ಮನೆಯ ಬಲ್ಬು ಸಾಕು. ಚುಕ್ಕಿ ಚೂಪಾಗುವಲ್ಲಿ ಉಂಗುರ ಕೂರಿಸಿ ಮೂರು ತಿರುಪು ಬಿಗಿ ಮಾಡಿ.

ಪರದೆ ಶಟರಿನವರಿಗೆ

ಪೆಂಟಾಕ್ಸ್ ಕೆ1000, ಝೋರ್ಕಿ, ಫೆಡ್ ಇಂಥವುಗಳಲ್ಲಿ ಶಟರ್ ಎಂದರೆ ಫಿಲ್ಮಿನ ಮುಂದೆ ಓಡುವ ಎರಡು ಬಟ್ಟೆ ಪರದೆ. ನಿಧಾನದ ವೇಗದಲ್ಲಿ ಎರಡನೇ ಪರದೆಯನ್ನು ಅಂಥದೇ ಗೇರು ತಡೆದು ಹಿಡಿಯುತ್ತದೆ. ತತ್ವ ಒಂದೇ, ಧೈರ್ಯ ಮಾತ್ರ ಕಡಿಮೆ ಇರಲಿ. ನಾಫ್ತಾ ತಾಗಿದರೆ ಪರದೆಯ ರಬ್ಬರ್ ಲೇಪವೂ ಅಂಟೂ ಹಾಳು. ಕೆಳಗಿನ ಮುಚ್ಚಳ ತೆಗೆದರೆ ಕಾಣುವ ಸ್ಪ್ರಿಂಗ್ ಬಿಗಿ ಮಾಡುವ ತಿರುಪುಗಳನ್ನು ತಿರುಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಅವು ಪರದೆಯ ಓಟದ ಬಿಗಿ, ನಿಧಾನದ ಗೇರಿಗೂ ಅವಕ್ಕೂ ಸಂಬಂಧವಿಲ್ಲ. ತಿರುಗಿಸಿದರೆ ಇದ್ದ 1/500 ಕೂಡ ಹೋಯಿತು. ವ್ಯಾಯಾಮ ಕೊಟ್ಟು ನೋಡಿ, ಆಗದಿದ್ದರೆ ಬಲ್ಲವರ ಕೈಗೆ ಕೊಡಿ. ಝೋರ್ಕಿ, ಫೆಡ್ ಇರುವವರು ರಿಪೇರಿಗೆ ಮೊದಲು ಒಂದನ್ನು ರೂಢಿ ಮಾಡಿಕೊಳ್ಳಿ: ಫಿಲ್ಮ್ ಸುತ್ತಿ ಕಾಕ್ ಆದ ಮೇಲೆಯೇ ವೇಗ ಬದಲಿಸುವುದು.

ಎಲೆ ಶಟರಿನ ಕಾಂಪರ್‌ನಲ್ಲಿ ಇದಕ್ಕೆ ತದ್ವಿರುದ್ಧ. 1/500ಕ್ಕೆ ಬೇರೆಯೇ ಒಂದು ಗಟ್ಟಿ ಸ್ಪ್ರಿಂಗ್ ಇರುವುದರಿಂದ ಆ ವೇಗವನ್ನು ಕಾಕ್ ಮಾಡುವ ಮೊದಲೇ ಇಡಬೇಕು.

ಇಡುವುದೆಲ್ಲಿ

ಚರ್ಮದ ಕೇಸಿನಲ್ಲಿ ಅಲ್ಲ. ನಮ್ಮ ಹವೆಯಲ್ಲಿ ಚರ್ಮ ತೇವ ಹೀರಿ ಲೆನ್ಸಿಗೆ ಬೂಷ್ಟು ಉಣಿಸುತ್ತದೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ನಿಜ, ಹೊಗೆಯ ಜಿಡ್ಡೂ ಅಲ್ಲೇ ಇರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿಗೆ ತಿರುಗಿದರೆ ತೇವ ಹೀರಿ ತುಂಬಿದೆ ಎಂದರ್ಥ, ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ನೀಲಿ ಬಣ್ಣ ಕೋಬಾಲ್ಟ್ ಲವಣದ್ದು, ಅಡುಗೆ ಬಾಣಲೆಯಲ್ಲಿ ಹುರಿಯಬೇಡಿ. ಶಟರನ್ನು ಕಾಕ್ ಮಾಡಿ ಇಡಬೇಡಿ. ಹದಿನೈದು ದಿನಕ್ಕೊಮ್ಮೆ ತೆಗೆದು ಎಲ್ಲ ವೇಗಕ್ಕೂ ನಾಲ್ಕು ನಾಲ್ಕು ಸಲ ಹೊಡೆಯಿರಿ, ಮಳೆಗಾಲದಲ್ಲಿ ಬೇರೆ ಕೆಲಸ ತಾನೆ ಏನಿದೆ.

ನನ್ನ ಐಸೋಲೆಟ್ ಎರಡು ಸುತ್ತಿನ ತೊಳೆತದ ನಂತರ 1 ಸೆಕೆಂಡಿಗೆ 1.2, ಅರ್ಧಕ್ಕೆ 0.55, 1/10ಕ್ಕೆ 26 ಫ್ರೇಮು ಕೊಡುತ್ತಿದೆ, ಮೂರು ಸಲ ಅಳೆದರೂ ಅಷ್ಟೇ. ಇನ್ನೂ ಸರಿಮಾಡುವ ಚಪಲವನ್ನು ಅದುಮಿಕೊಂಡು, ಈ ಅಂಕಿಗಳನ್ನು ಸಣ್ಣ ಚೀಟಿಯಲ್ಲಿ ಬರೆದು ಹಿಂಬಾಗಿಲ ಹೊರಗೆ ಅಂಟಿಸಿದ್ದೇನೆ. ಕುಮಟಾದ ಹಿರಿಯರಿಗೆ ತೋರಿಸಿದಾಗ ಅವರು ಚೀಟಿ ಓದಲಿಲ್ಲ. ಕಿವಿಗಿಟ್ಟು ಒಮ್ಮೆ ಹೊಡೆದು ಕೇಳಿ, ಆಮೇಲೆ ಮತ್ತೊಮ್ಮೆ ಮೂಸಿ ನೋಡಿದರು.